ಶ್ವಾನಶಿಕ್ಷಣದಲ್ಲಿ ಶಿಕ್ಷೆಯ ಸ್ಥಾನ

ಕನ್ನಡದಲ್ಲಿ ‘ಶಿಕ್ಷೆ’ ಎಂಬ ಶಬ್ದಕ್ಕೆ ಒದಗಿರುವ ಅವಸ್ಥೆ ವಿಚಾರಯೋಗ್ಯವಾದುದು. ಸಂಸ್ಕೃತದಲ್ಲಿ ಕಲಿಕೆ, ಉಪದೇಶ ಎಂಬ ಅರ್ಥವನ್ನು ಹೊಂದಿ, ವೇದಾಂಗಗಳಲ್ಲಿ ಒಂದರ ಹೆಸರೇ ಆಗಿದ್ದ ಈ ಮಾತು ಕನ್ನಡಿಗರ ಬಾಯಲ್ಲಿ ದಂಡನೆಯೆಂಬ ಅರ್ಥವನ್ನೇ ಮುಖ್ಯವಾಗಿ ಪಡೆದು ನಿಂತಿತು. ಕಲಿಕೆಯ ಅರ್ಥಕ್ಕೆ ‘ಶಿಕ್ಷಣ’ ಎಂಬ ಬೇರೊಂದು ರೂಪವನ್ನು ಬಳಸಬೇಕಾಯಿತು. ಅಚ್ಚ ಕನ್ನಡದ ಮಾತಿಗೂ ಇದೇ ಗತಿ. ‘ನಿನಗೆ ಬುದ್ಧಿ ಕಲಿಸುತ್ತೇನೆ’ ಎಂದು ಯಾರಾದರೂ ಹೇಳಿದರೆ ಕೇಳಿದವನು ಪಾಟಿ ಪುಸ್ತಕ ತರುವುದಿಲ್ಲ, ಎರಡು ಹೆಜ್ಜೆ ಹಿಂದೆ ಸರಿಯುತ್ತಾನೆ.

ಮನುಷ್ಯರ ಮಟ್ಟಿಗೆ ಈ ಎರಡು ಅರ್ಥಗಳನ್ನು ಬೇರ್ಪಡಿಸುವ ಪ್ರಯತ್ನ ಬಹುಕಾಲದಿಂದ ನಡೆದಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಶಾಲೆಯಲ್ಲಿ ಮಗುವಿಗೆ ದೈಹಿಕ ದಂಡನೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆದರೆ ಮನೆಯ ಬಾಗಿಲಲ್ಲಿ ಮಲಗುವ ನಾಯಿಯ ವಿಷಯದಲ್ಲಿ ಹಳೆಯ ಕಲಬೆರಕೆ ಇನ್ನೂ ಹಾಗೆಯೇ ಉಳಿದಿದೆ. ನಾಯಿಗೆ ಕಲಿಸುವುದೆಂದರೆ ಹೊಡೆಯುವುದು ಎಂದು ಹಲವರು ತಿಳಿಯುತ್ತಾರೆ. ಹೊಡೆಯಬಾರದೆಂದು ನಂಬಿದವರಲ್ಲಿ ಕೆಲವರು ಕಲಿಸುವುದನ್ನೇ ಬಿಟ್ಟುಬಿಡುತ್ತಾರೆ. ಎರಡರಿಂದಲೂ ಕೆಡುವುದು ನಾಯಿ, ಕಷ್ಟಕ್ಕೊಳಗಾಗುವವರು ನೆರೆಹೊರೆಯವರು.

ವಿಜಯಪುರ ನಗರದಿಂದ ಉತ್ತರಕ್ಕೆ ಸಾಗುವ ಸೊಲ್ಲಾಪುರ ರಸ್ತೆಯಲ್ಲಿ ಈ ಪ್ರಶ್ನೆ ದಿನನಿತ್ಯದ್ದಾಗಿದೆ. ರಸ್ತೆಯ ಇಕ್ಕೆಲಗಳಲ್ಲಿ ಹಬ್ಬಿದ ಬಡಾವಣೆಗಳಲ್ಲಿ ಕಾಂಪೌಂಡು ಕಟ್ಟಿದ ಮನೆಗಳು ಎದ್ದಿವೆ. ಗೇಟಿನ ಮೇಲೆ ‘ನಾಯಿ ಇದೆ, ಎಚ್ಚರಿಕೆ’ ಎಂಬ ಫಲಕ, ಒಳಗೆ ಸರಪಳಿಗೆ ಕಟ್ಟಿದ ಒಂದು ಜರ್ಮನ್ ಶೆಫರ್ಡ್ ಇಲ್ಲವೆ ಲ್ಯಾಬ್ರಡಾರ್. ಹಿಂದೆ ಈ ಭಾಗದಲ್ಲಿ ನಾಯಿಗೆ ಹೊಲದ ತುಂಬ ಓಡುವ ಅವಕಾಶವಿತ್ತು, ಮಾಡುವ ಕೆಲಸವೂ ಇತ್ತು. ಈಗ ಅದಕ್ಕಿರುವುದು ಹತ್ತು ಅಡಿಯ ಸರಪಳಿ, ಎದುರಿಗೆ ಎಡೆಬಿಡದೆ ಸಾಗುವ ಲಾರಿ ಮತ್ತು ಮೋಟಾರ್ ಸೈಕಲ್ಲುಗಳು. ಅದು ಬೊಗಳುತ್ತದೆ, ಅಗೆಯುತ್ತದೆ, ಬಿಡಿಸಿಕೊಂಡ ದಿನ ಯಾರ ಬೆನ್ನಾದರೂ ಹತ್ತುತ್ತದೆ. ಆಗ ಮನೆಯವರು ತರಬೇತುದಾರರನ್ನು ಅರಸುತ್ತಾರೆ. ಬೆಂಗಳೂರು, ಪುಣೆಗಳಂತಹ ನಗರಗಳಲ್ಲಿ ನಡೆಯುವ ಶ್ವಾನ ತರಬೇತಿ ವರ್ಗಗಳ ಮಾತು ಇಲ್ಲಿಯೂ ಕೇಳಿಬರುವುದು ಇಂತಹ ಸಂದರ್ಭದಲ್ಲಿಯೇ. ಆ ವರ್ಗಗಳಲ್ಲಿ ಏನು ಕಲಿಸುತ್ತಾರೆ, ಹೇಗೆ ಕಲಿಸುತ್ತಾರೆ, ಅವುಗಳ ಬೆನ್ನಿಗಿರುವ ವಾದವಿವಾದಗಳೇನು ಎಂಬುದನ್ನು ತಿಳಿಯುವ ಮುನ್ನ, ನಾಯಿಯ ವಿಷಯದಲ್ಲಿ ಈ ನಾಡಿಗೆ ಇರುವ ಹಳೆಯ ಸಂಬಂಧವನ್ನು ಸ್ವಲ್ಪ ನೆನೆಯುವುದು ಅವಶ್ಯ.

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಒಂದು ವೀರಗಲ್ಲು ಹತ್ತನೆಯ ಶತಮಾನದ ಮಧ್ಯಭಾಗದ್ದು. ರಾಷ್ಟ್ರಕೂಟರ ಮೂರನೆಯ ಕೃಷ್ಣ ಮತ್ತು ಗಂಗರ ಬೂತುಗ ಕೂಡಿ ಚೋಳರನ್ನು ತಕ್ಕೋಲದಲ್ಲಿ ಸೋಲಿಸಿದ ಸಂಗತಿಯನ್ನು ಇತಿಹಾಸಕಾರರು ಆ ಶಾಸನದಿಂದ ಅರಿಯುತ್ತಾರೆ. ಆದರೆ ಕಲ್ಲು ನಿಂತಿರುವುದು ‘ಕಾಳಿ’ ಎಂಬ ಒಂದು ನಾಯಿಗಾಗಿ. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಒಡೆಯನು ಮೆಚ್ಚಿ ಬೇಡಿದ್ದನ್ನು ಕೊಡುವೆನೆಂದಾಗ ಅವನು ಊರನ್ನಾಗಲಿ ಹೊನ್ನನ್ನಾಗಲಿ ಬೇಡದೆ ಆ ಬೇಟೆನಾಯಿಯನ್ನು ಬೇಡಿದನು. ಕಾಳಿಯು ಮುಂದೆ ಒಂದು ಕಾಡುಹಂದಿಯೊಡನೆ ಸೆಣಸಿ, ಹಂದಿಯೂ ತಾನೂ ಕೂಡಿಯೇ ಸತ್ತಿತು. ಅದರ ನೆನಪಿಗೆ ಮಣಲೇರನು ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ ಭೂಮಿಯನ್ನು ದತ್ತಿ ಬಿಟ್ಟನು. ನಾಯಿಗೆ ಇಷ್ಟು ಗೌರವ ಸಲ್ಲಿಸಿದ ಭಾಷೆಯಲ್ಲಿಯೇ ‘ನಾಯಿ’ ಎಂಬುದು ಬೈಗುಳವೂ ಆಗಿದೆ ಎಂಬುದು ಬೇರೆ ಮಾತು.

ಕೃಷ್ಣೆಯ ಈಚೆಗಿನವರಿಗೆ ಇನ್ನೂ ಹತ್ತಿರದ ನಿದರ್ಶನವಿದೆ. ವಿಜಯಪುರದಿಂದ ಬಬಲೇಶ್ವರ, ಗಲಗಲಿ ಮಾರ್ಗವಾಗಿ ಹೋದರೆ ರನ್ನ ಕವಿಯ ಮುಧೋಳ ಸಿಗುತ್ತದೆ. 1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಅದೂ ಬಿಜಾಪುರ ಜಿಲ್ಲೆಯ ಊರೇ ಆಗಿತ್ತು. ಘೋರ್ಪಡೆ ಮನೆತನದ ಸಂಸ್ಥಾನವಾಗಿದ್ದ ಆ ಊರಿನ ಹೆಸರು ದೇಶವಿದೇಶಗಳಿಗೆ ಹಬ್ಬಿದ್ದು ನಾಯಿಯಿಂದ. ಉದ್ದ ಮೋರೆ, ಆಳವಾದ ಎದೆ, ಒಳಸೇರಿದ ಹೊಟ್ಟೆ, ನೀಳವಾದ ಕಾಲು, ಚಾವಟಿಯಂತಹ ಬಾಲ, ಇವು ಅದರ ಲಕ್ಷಣಗಳು. ಪಶ್ಚಿಮ ಏಷ್ಯಾದ ಸಲೂಕಿಯಂತಹ ಓಟದ ನಾಯಿಗಳ ಸಂತತಿ ಸೈನ್ಯಗಳೊಡನೆ, ವರ್ತಕರೊಡನೆ ದಖನ್ನಿಗೆ ಬಂದು ಇಲ್ಲಿಯ ನಾಯಿಗಳೊಡನೆ ಬೆರೆತು ಈ ತಳಿಯಾಯಿತೆಂದು ಸಾಮಾನ್ಯವಾಗಿ ನಂಬಲಾಗಿದೆ. ಮಹಾರಾಷ್ಟ್ರದ ಕಡೆ ಇದಕ್ಕೆ ‘ಕರವಾನಿ’ ಎಂದು ಹೆಸರು. ಮುಧೋಳದ ರಾಜಾ ಮಾಲೋಜಿರಾವ್ ಘೋರ್ಪಡೆಯವರು ಬೇಡರು ಸಾಕುತ್ತಿದ್ದ ಈ ನಾಯಿಗಳನ್ನು ಕಂಡು ಮೆಚ್ಚಿ, ಆಯ್ದು ಬೆಳೆಸಿ, ಒಂದು ಜೋಡಿಯನ್ನು ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿತ್ತರು. 2005ರಲ್ಲಿ ಭಾರತೀಯ ಅಂಚೆ ಇಲಾಖೆ ನಾಲ್ಕು ದೇಶೀ ತಳಿಗಳ ಅಂಚೆಚೀಟಿಗಳನ್ನು ಹೊರತಂದಾಗ ಅವುಗಳಲ್ಲಿ ಒಂದು ಮುಧೋಳದ್ದಾಗಿತ್ತು.

ಈ ನಾಯಿಗೆ ಬೇಡರು ಯಾವ ಶಾಲೆಯಲ್ಲಿ ತರಬೇತಿ ಕೊಡಿಸಿದರು? ಮರಿಯು ಹಿರಿಯ ನಾಯಿಗಳ ಜೊತೆ ಹೊಲಕ್ಕೆ ಹೋಗುತ್ತಿತ್ತು. ಮೊಲ ಎದ್ದಾಗ ಅವು ಓಡಿದಂತೆ ತಾನೂ ಓಡುತ್ತಿತ್ತು. ಹಿಡಿದರೆ ಬೇಟೆಯಲ್ಲಿ ಅದಕ್ಕೂ ಒಂದು ಪಾಲು. ಕಲಿಕೆಯ ಫಲವು ಕಲಿತ ಕ್ಷಣದಲ್ಲಿಯೇ ಕೈಗೆ, ಅಲ್ಲ, ಬಾಯಿಗೆ ಬರುತ್ತಿತ್ತು. ಕುರುಬರ ಕುರಿಹಟ್ಟಿಯ ನಾಯಿಯ ರೀತಿ ಇದಕ್ಕಿಂತ ಭಿನ್ನ. ಕುರಿಗಳ ನಡುವೆಯೇ ಬೆಳೆದ ಮರಿಯು ಕುರಿಗಳನ್ನು ತನ್ನವೆಂದು ಬಗೆಯುತ್ತದೆ, ತೋಳ ಬಂದರೆ ಎದುರಿಸುತ್ತದೆ. ಅದಕ್ಕೆ ‘ಕುರಿಯನ್ನು ಕಚ್ಚಬೇಡ’ ಎಂದು ಬೇರೆಯಾಗಿ ಹೇಳಬೇಕಾದ ಪ್ರಸಂಗವೇ ಬಹುಮಟ್ಟಿಗೆ ಬರುವುದಿಲ್ಲ. ಈ ಅನುಭವಜ್ಞಾನಕ್ಕೆ ಶಾಸ್ತ್ರದ ಆಧಾರ ದೊರೆತದ್ದು ಬಹಳ ತಡವಾಗಿ. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ಇಬ್ಬರು ವಿಜ್ಞಾನಿಗಳು ವರ್ಷಾನುಗಟ್ಟಲೆ ಮರಿಗಳನ್ನು ಅಭ್ಯಸಿಸಿ 1965ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹುಟ್ಟಿದ ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗಿನ ಅವಧಿ ನಾಯಿಯ ಜೀವನದಲ್ಲಿ ನಿರ್ಣಾಯಕವಾದುದೆಂದು ತೋರಿಸಿದರು. ಆ ಅವಧಿಯಲ್ಲಿ ಯಾರನ್ನು, ಏನನ್ನು ನಿರ್ಭಯವಾಗಿ ಕಂಡಿತೋ ಅವರೊಡನೆ ಅದು ಮುಂದೆ ಸಮಾಧಾನದಿಂದಿರುತ್ತದೆ. ಆಗ ಮನುಷ್ಯರ ಸಹವಾಸವೇ ಇಲ್ಲದೆ ಬೆಳೆದ ಮರಿಯನ್ನು ಆಮೇಲೆ ಪಳಗಿಸುವುದು ಬಹಳ ಕಷ್ಟ. ಸೊಲ್ಲಾಪುರ ರಸ್ತೆಯ ಗೇಟಿನೊಳಗೆ ಬಂದವರನ್ನೆಲ್ಲ ಕಂಡು ಹೌಹಾರುವ ನಾಯಿಗಳಲ್ಲಿ ಹಲವು ದುಷ್ಟ ನಾಯಿಗಳಲ್ಲ, ಆ ಒಂಬತ್ತು ವಾರಗಳಲ್ಲಿ ಹೊರಜಗತ್ತನ್ನೇ ಕಾಣದಿದ್ದ ನಾಯಿಗಳು.

ಇನ್ನು ಕಲಿಕೆಯ ಶಾಸ್ತ್ರಕ್ಕೆ ಬರೋಣ. ರಷ್ಯಾದ ಪಾವ್ಲೋವ್ ನಾಯಿಯ ಜೊಲ್ಲನ್ನು ಅಳೆಯುತ್ತ ಕಂಡುಕೊಂಡ ತತ್ತ್ವ ಶಿಕ್ಷಕರಿಗೆಲ್ಲ ಪರಿಚಿತವೇ. ಅಮೆರಿಕದ ಥಾರ್ನ್‌ಡೈಕ್ 1898ರಲ್ಲಿ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು, ಯಾವ ಕ್ರಿಯೆಯಿಂದ ತೃಪ್ತಿಕರ ಫಲ ಒದಗುವುದೋ ಆ ಕ್ರಿಯೆ ಬಲಗೊಳ್ಳುತ್ತದೆ ಎಂದು ತೋರಿಸಿದನು. ಸ್ಕಿನ್ನರ್ 1938ರ ತನ್ನ ಗ್ರಂಥದಲ್ಲಿ ಇದನ್ನು ವಿಸ್ತರಿಸಿದನು. ಸರಳವಾಗಿ ಹೇಳುವುದಾದರೆ ಪ್ರಾಣಿಯ ನಡತೆಯನ್ನು ಬದಲಿಸಲು ನಾಲ್ಕು ದಾರಿಗಳಿವೆ. ಇಷ್ಟವಾದುದನ್ನು ಕೊಡುವುದು, ಇಷ್ಟವಾದುದನ್ನು ತೆಗೆಯುವುದು, ಅನಿಷ್ಟವಾದುದನ್ನು ಒಡ್ಡುವುದು, ಒಡ್ಡಿದ ಅನಿಷ್ಟವನ್ನು ತೆಗೆಯುವುದು. ಕುಳಿತಾಗ ರೊಟ್ಟಿಯ ಚೂರು ಕೊಡುವುದು ಮೊದಲನೆಯದು. ಮೈಮೇಲೆ ಹಾರಿದಾಗ ಬೆನ್ನು ತಿರುಗಿಸಿ ನಿಲ್ಲುವುದು ಎರಡನೆಯದು, ಏಕೆಂದರೆ ನಾಯಿಗೆ ಬೇಕಾದದ್ದು ಒಡೆಯನ ಮುಖ. ಬೆತ್ತದ ಏಟು ಮೂರನೆಯದು. ಕೊರಳಪಟ್ಟಿ ಜಗ್ಗಿ ಹಿಡಿದು, ನಾಯಿ ಕುಳಿತ ಕೂಡಲೆ ಸಡಿಲಿಸುವುದು ನಾಲ್ಕನೆಯದು. ಲೋಕದಲ್ಲಿರುವ ಎಲ್ಲ ತರಬೇತಿ ಪದ್ಧತಿಗಳೂ ಈ ನಾಲ್ಕರ ಹೆಚ್ಚುಕಡಿಮೆ ಮಿಶ್ರಣಗಳೇ.

ಇವೆಲ್ಲಕ್ಕೂ ಸಮಾನವಾದ ಒಂದು ನಿಯಮವುಂಟು. ಫಲವು ಕ್ರಿಯೆಯ ಬೆನ್ನಿಗೇ ಬರಬೇಕು. ಒಂದೆರಡು ಸೆಕೆಂಡುಗಳು ಕಳೆದರೆ ನಾಯಿಯು ಆ ಫಲವನ್ನು ಬೇರೊಂದು ಕ್ರಿಯೆಗೆ ಹೊಂದಿಸಿಕೊಳ್ಳುತ್ತದೆ. ದಂಡನೆಯ ಪಕ್ಷಪಾತಿಗಳು ಸಾಮಾನ್ಯವಾಗಿ ಮುಗ್ಗರಿಸುವುದು ಇಲ್ಲಿ. ಮನೆಯೊಡೆಯನು ಸಂಜೆ ಕೆಲಸದಿಂದ ಬರುತ್ತಾನೆ. ಮಧ್ಯಾಹ್ನವೇ ಹರಿದುಬಿದ್ದ ಚಪ್ಪಲಿ ಪಡಸಾಲೆಯಲ್ಲಿದೆ. ನಾಯಿ ಬಾಲವಾಡಿಸುತ್ತ ಎದುರುಗೊಳ್ಳುತ್ತದೆ. ಅವನು ಅದೇ ಚಪ್ಪಲಿಯಿಂದ ನಾಲ್ಕು ಬಾರಿಸುತ್ತಾನೆ. ನಾಯಿ ಕಲಿತದ್ದೇನು? ಚಪ್ಪಲಿ ಕಚ್ಚಬಾರದೆಂದಲ್ಲ, ಒಡೆಯನು ಮನೆಗೆ ಬರುವಾಗ ಎದುರು ಹೋಗಬಾರದೆಂದು. ಮರುದಿನ ಅದು ಮಂಚದ ಕೆಳಗೆ ಅವಿತಿರುತ್ತದೆ. ‘ನೋಡಿ, ತಪ್ಪು ಮಾಡಿದ್ದು ಅದಕ್ಕೇ ಗೊತ್ತು’ ಎಂದು ಅವನು ಸಮಾಧಾನ ಪಡುತ್ತಾನೆ. ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ವಿದುಷಿ 2009ರಲ್ಲಿ ಪ್ರಕಟಿಸಿದ ಪ್ರಯೋಗವು ಈ ನಂಬಿಕೆಯನ್ನೇ ಪರೀಕ್ಷಿಸಿತು. ಹದಿನಾಲ್ಕು ನಾಯಿಗಳ ಮುಂದೆ ತಿನಿಸನ್ನಿಟ್ಟು, ತಿನ್ನಬಾರದೆಂದು ಹೇಳಿ ಒಡೆಯರನ್ನು ಹೊರಗೆ ಕಳಿಸಲಾಯಿತು. ತಿಂದ ನಾಯಿ ಯಾವುದು, ತಿನ್ನದ ನಾಯಿ ಯಾವುದು ಎಂಬುದನ್ನು ಒಡೆಯರಿಗೆ ಕೆಲವೊಮ್ಮೆ ತಪ್ಪಾಗಿ ತಿಳಿಸಲಾಯಿತು. ನಾಯಿಯ ಮೋರೆಯಲ್ಲಿ ಕಾಣುವ ಆ ‘ಅಪರಾಧಿ ನೋಟ’ಕ್ಕೂ ಅದು ತಪ್ಪು ಮಾಡಿದ್ದಕ್ಕೂ ಸಂಬಂಧ ಕಾಣಲಿಲ್ಲ. ಒಡೆಯನು ಗದರಿಸಿದಾಗ ಆ ನೋಟ ಬರುತ್ತಿತ್ತು, ತಿನ್ನದ ನಾಯಿಯಲ್ಲಿಯೂ ಬರುತ್ತಿತ್ತು.

ಮಹಾಭಾರತವನ್ನು ಬಲ್ಲವರಿಗೆ ಇಲ್ಲಿ ಸರಮೆಯ ಕಥೆ ನೆನಪಾಗದಿರದು. ಆದಿಪರ್ವದ ಪ್ರಾರಂಭದಲ್ಲಿಯೇ ಆ ಪ್ರಸಂಗ ಬರುತ್ತದೆ. ಜನಮೇಜಯನು ಕುರುಕ್ಷೇತ್ರದಲ್ಲಿ ಯಜ್ಞ ಮಾಡುತ್ತಿರುವಲ್ಲಿಗೆ ಬಂದ ಒಂದು ನಾಯಿಮರಿಯನ್ನು ಅವನ ತಮ್ಮಂದಿರು ಹೊಡೆದಟ್ಟುತ್ತಾರೆ. ಅದು ಹವಿಸ್ಸನ್ನು ನೆಕ್ಕಿರಲಿಲ್ಲ, ನೋಡಿಯೂ ಇರಲಿಲ್ಲ. ಅದರ ತಾಯಿ, ದೇವಶುನಿ ಸರಮೆ, ಯಜ್ಞಶಾಲೆಗೆ ಬಂದು ತನ್ನ ಮಗನು ಮಾಡಿದ ತಪ್ಪೇನೆಂದು ಕೇಳುತ್ತಾಳೆ. ಉತ್ತರ ಕೊಡಲು ಅಲ್ಲಿ ಒಬ್ಬರ ಬಾಯೂ ಏಳುವುದಿಲ್ಲ. ತಪ್ಪಿಲ್ಲದವನನ್ನು ಹೊಡೆದುದರಿಂದ ಕಾಣದ ಭಯವೊಂದು ನಿನ್ನನ್ನು ಮುಟ್ಟುವುದೆಂದು ಅವಳು ದೊರೆಯನ್ನು ಶಪಿಸುತ್ತಾಳೆ. ಆ ಶಾಪದ ವಿಶೇಷವನ್ನು ಗಮನಿಸಬೇಕು. ಕಾರಣ ತಿಳಿಯದೆ ಏಟು ತಿಂದ ಮರಿಗೆ ಆದ ಅನುಭವವನ್ನೇ, ಎಲ್ಲಿಂದ ಬರುವುದೆಂದು ತಿಳಿಯದ ಭಯವನ್ನೇ, ಅವಳು ಹೊಡೆದವರ ಕಡೆಗೆ ತಿರುಗಿಸಿದಳು.

ಪಶ್ಚಿಮದಲ್ಲಿ ನಾಯಿಗಳ ತರಬೇತಿ ಒಂದು ಶಾಸ್ತ್ರವಾಗಿ ಬೆಳೆದದ್ದು ಪೊಲೀಸು ಮತ್ತು ಸೈನ್ಯಗಳ ಮೂಲಕ. ಜರ್ಮನಿಯ ಕೊನ್ರಾಡ್ ಮೋಸ್ಟ್ 1910ರಲ್ಲಿ ಬರೆದ ಕೈಪಿಡಿ ಇದಕ್ಕೆ ತಳಹದಿ. ಮೊದಲನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1916ರಲ್ಲಿ ಆ ದೇಶದ ಓಲ್ಡೆನ್‌ಬರ್ಗಿನಲ್ಲಿ ಮಾರ್ಗದರ್ಶಿ ನಾಯಿಗಳ ಶಾಲೆ ಪ್ರಾರಂಭವಾಯಿತು. ಈ ಪರಂಪರೆಯಲ್ಲಿ ಕೊರಳ ಸರಪಳಿಯ ಜಗ್ಗಾಟಕ್ಕೆ ಮುಖ್ಯ ಸ್ಥಾನ. ಅಮೆರಿಕದ ಕೋಲರ್ 1962ರಲ್ಲಿ ಪ್ರಕಟಿಸಿದ ಪುಸ್ತಕ ಅದನ್ನು ಮನೆಮನೆಗೆ ಮುಟ್ಟಿಸಿತು. ಇದರ ಜೊತೆಗೆ ಇನ್ನೊಂದು ವಿಚಾರವೂ ಸೇರಿಕೊಂಡಿತು. ಸ್ವಿಟ್ಜರ್ಲೆಂಡಿನ ಶೆಂಕಲ್ 1947ರಲ್ಲಿ, ಪ್ರಾಣಿಸಂಗ್ರಹಾಲಯದಲ್ಲಿ ಕೂಡಿಹಾಕಿದ ತೋಳಗಳು ಹಿರಿತನಕ್ಕಾಗಿ ಸದಾ ಕಾದಾಡುವುದನ್ನು ವರ್ಣಿಸಿದನು. ತೋಳಗಳಂತೆ ನಾಯಿಯೂ ಮನೆಯಲ್ಲಿ ಯಜಮಾನಿಕೆಗೆ ಹವಣಿಸುತ್ತದೆ, ಆದುದರಿಂದ ಒಡೆಯನು ಅದನ್ನು ಹತ್ತಿಕ್ಕಿ ತಾನೇ ಹಿರಿಯನೆಂದು ತೋರಿಸಬೇಕು ಎಂಬ ಬೋಧನೆ ಇದರಿಂದ ಹುಟ್ಟಿತು. 1970ರಲ್ಲಿ ತೋಳಗಳ ಕುರಿತು ಪ್ರಸಿದ್ಧ ಗ್ರಂಥ ಬರೆದು ಈ ವಿಚಾರಕ್ಕೆ ಪ್ರಚಾರವಿತ್ತ ಡೇವಿಡ್ ಮೆಕ್, ಆಮೇಲೆ ಉತ್ತರ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಸ್ವತಂತ್ರವಾಗಿ ಬಾಳುವ ತೋಳಗಳನ್ನು ಹಲವು ಬೇಸಿಗೆಗಳ ಕಾಲ ಹತ್ತಿರದಿಂದ ನೋಡಿ, 1999ರಲ್ಲಿ ತಾನೇ ಅದನ್ನು ತಿದ್ದಿದನು. ಕಾಡಿನ ತೋಳದ ಗುಂಪು ಒಂದು ಕುಟುಂಬ. ಅಲ್ಲಿ ಹಿರಿಯರೆಂದರೆ ತಾಯಿತಂದೆಗಳು, ಕಿರಿಯರೆಂದರೆ ಅವರ ಮಕ್ಕಳು. ಅಪರಿಚಿತರನ್ನು ಒಂದೇ ಬೋನಿನಲ್ಲಿ ಹಾಕಿದಾಗ ಆದ ಜಗಳವನ್ನು ಕುಲಧರ್ಮವೆಂದು ತಿಳಿದದ್ದೇ ತಪ್ಪು. ತನ್ನ ಮಾತನ್ನು ಮೂವತ್ತು ವರ್ಷಗಳ ಮೇಲೆ ಬಹಿರಂಗವಾಗಿ ತಿದ್ದಿಕೊಂಡ ಆ ವಿದ್ವಾಂಸನ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ಆದರೆ ಹಳೆಯ ಬೋಧನೆಯನ್ನು ಹಿಡಿದವರು ಇನ್ನೂ ಬಿಟ್ಟಿಲ್ಲ.

ಇನ್ನೊಂದು ಧಾರೆ ಸಮುದ್ರದ ಕಡೆಯಿಂದ ಬಂದಿತು. ಹವಾಯಿ ದ್ವೀಪದಲ್ಲಿ ಡಾಲ್ಫಿನ್‌ಗಳಿಗೆ ಕಲಿಸುತ್ತಿದ್ದ ಕ್ಯಾರನ್ ಪ್ರಯರ್ ಎಂಬ ಮಹಿಳೆಗೆ ಕೊರಳಪಟ್ಟಿಯ ಅನುಕೂಲವೇ ಇರಲಿಲ್ಲ. ಈಜಿ ದೂರ ಹೋಗುವ ಪ್ರಾಣಿಯನ್ನು ಜಗ್ಗುವುದೆಂತು? ಸರಿಯಾದ ಕ್ರಿಯೆ ನಡೆದ ಕ್ಷಣದಲ್ಲಿ ಸೀಟಿ ಊದಿ, ಅನಂತರ ಮೀನು ಕೊಡುವುದೊಂದೇ ದಾರಿ. ಆಕೆ 1984ರಲ್ಲಿ ಬರೆದ ಪುಸ್ತಕದಿಂದ ಈ ಪದ್ಧತಿ ನಾಯಿಗಳಿಗೂ ಬಂದಿತು. ಸೀಟಿಯ ಬದಲು ಟಿಕ್ ಎಂದು ಸದ್ದುಮಾಡುವ ಸಣ್ಣ ಉಪಕರಣ, ಮೀನಿನ ಬದಲು ತಿನಿಸು.

ಇವೆರಡರ ನಡುವೆ ನಿಂತವರು ತಮ್ಮ ಪದ್ಧತಿಯನ್ನು ‘ಸಮತೋಲ ತರಬೇತಿ’ ಎಂದು ಕರೆದುಕೊಳ್ಳುತ್ತಾರೆ. ಸರಿ ಮಾಡಿದಾಗ ಬಹುಮಾನ, ತಿಳಿದೂ ತಪ್ಪಿದಾಗ ತಿದ್ದುಪಡಿ ಎಂಬುದು ಅವರ ಸೂತ್ರ. ಕೇಳಲು ಇದು ನ್ಯಾಯವಾಗಿಯೇ ಇದೆ. ಮಧ್ಯಮ ಮಾರ್ಗವೆಂದರೆ ಯಾರಿಗೆ ಬೇಡ? ಆದರೆ ‘ತಿದ್ದುಪಡಿ’ ಎಂಬ ಒಂದೇ ಮಾತಿನೊಳಗೆ ಮೆಲ್ಲನೆ ಹಗ್ಗ ಹಿಡಿದು ನಿಲ್ಲಿಸುವುದೂ ಅಡಗಬಹುದು, ಮುಳ್ಳಿನ ಪಟ್ಟಿಯೂ ಕೊರಳಿಗೆ ವಿದ್ಯುತ್ತಿನ ಆಘಾತ ಕೊಡುವ ಪಟ್ಟಿಯೂ ಅಡಗಬಹುದು. ಆದುದರಿಂದ ಹೆಸರನ್ನು ಬಿಟ್ಟು ಕೆಲಸವನ್ನು ನೋಡಬೇಕಾಗುತ್ತದೆ. ಪೋರ್ಚುಗಲ್ಲಿನಲ್ಲಿ ತರಬೇತಿ ಶಾಲೆಗಳಿಂದ 92 ಸಾಕುನಾಯಿಗಳನ್ನು ಆರಿಸಿ ನಡೆಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಬಹುಮಾನದಿಂದಲೇ ಕಲಿಸುವ ಶಾಲೆ, ಮುಖ್ಯವಾಗಿ ದಂಡನೆಯಿಂದ ಕಲಿಸುವ ಶಾಲೆ, ಮಿಶ್ರ ಪದ್ಧತಿಯ ಶಾಲೆ, ಈ ಮೂರನ್ನೂ ಹೋಲಿಸಲಾಯಿತು. ದಂಡನೆಯ ಶಾಲೆಯ ನಾಯಿಗಳಲ್ಲಿ ಉದ್ವೇಗದ ಚಿಹ್ನೆಗಳು ಹೆಚ್ಚು, ಜೊಲ್ಲಿನಲ್ಲಿ ಆತಂಕಸೂಚಕ ರಸದ ಏರಿಕೆಯೂ ಹೆಚ್ಚು. ಮಿಶ್ರ ಪದ್ಧತಿಯ ನಾಯಿಗಳೂ ಬಹುಮಾನದ ಶಾಲೆಯವುಗಳಿಗಿಂತ ಹೆಚ್ಚು ಬಿಗುವಿನಲ್ಲಿದ್ದು ಹೆಚ್ಚು ಏದುಸಿರು ಬಿಡುತ್ತಿದ್ದವು. ಪ್ರಾಣಿಗಳನ್ನು ಅಟ್ಟಿಸಿಕೊಂಡು ಹೋಗುವ, ಕರೆದರೆ ಬಾರದ ನಾಯಿಗಳಿಗಾದರೂ ವಿದ್ಯುತ್ ಪಟ್ಟಿ ಅನಿವಾರ್ಯವೆಂಬ ವಾದವಿತ್ತು. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದವರು 63 ನಾಯಿಗಳ ಮೇಲೆ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಹುಮಾನದ ಕ್ರಮಕ್ಕಿಂತ ಆ ಪಟ್ಟಿಯಿಂದ ಯಾವ ವಿಶೇಷ ಪ್ರಯೋಜನವೂ ಕಂಡುಬರಲಿಲ್ಲ. ವೇಲ್ಸ್ ದೇಶವು 2010ರಲ್ಲಿಯೇ ಅದನ್ನು ನಿಷೇಧಿಸಿತ್ತು. 2021ರಲ್ಲಿ ಪ್ರಾಣಿವರ್ತನೆಯನ್ನು ಕುರಿತ ಅಮೆರಿಕದ ಪಶುವೈದ್ಯರ ಸಂಘವು ಎಲ್ಲ ನಾಯಿಗಳಿಗೂ ಬಹುಮಾನ ಆಧಾರಿತ ಕ್ರಮವನ್ನೇ ಶಿಫಾರಸು ಮಾಡಿತು.

ಇಷ್ಟಾದರೂ ಸಮತೋಲವೆಂಬ ಮಾತನ್ನೇ ತಳ್ಳಿಹಾಕಬೇಕಾಗಿಲ್ಲ. ಅದನ್ನು ತಕ್ಕಡಿಯ ಎರಡು ತಟ್ಟೆಗಳಂತೆ, ಇತ್ತ ಒಂದು ತುಣುಕು ರೊಟ್ಟಿ, ಅತ್ತ ಒಂದು ಏಟು ಎಂದು ಭಾವಿಸಿದರೆ ಮಾತ್ರ ದೋಷ. ಮುದ್ದಿನ ಅತಿರೇಕವೂ ಒಂದು ಬಗೆಯ ಅನ್ಯಾಯವೇ. ಊಟದ ತಟ್ಟೆಗೆ ಬಾಯಿ ಹಾಕಲು ಬಿಟ್ಟು, ಮಕ್ಕಳ ಮೇಲೆ ಹಾರಲು ಬಿಟ್ಟು, ನಾಯಿ ದೊಡ್ಡದಾದ ಮೇಲೆ ಅದೇ ತಪ್ಪಿಗೆ ಕಟ್ಟಿಹಾಕುವವರು ಅದಕ್ಕೆ ಮಾಡುವ ಹಾನಿ ಬೆತ್ತದವರು ಮಾಡುವುದಕ್ಕಿಂತ ಬಹಳ ಕಡಿಮೆಯೇನಲ್ಲ. ಮೇರೆಗಳು ಇರಲೇಬೇಕು. ಗೇಟಿನ ಹೊರಗೆ ಹಗ್ಗವಿಲ್ಲದೆ ಬಿಡದಿರುವುದು, ಜಗ್ಗಿದರೆ ಮುಂದಕ್ಕೆ ಹೆಜ್ಜೆಯಿಡದೆ ನಿಂತುಬಿಡುವುದು, ಒರಟಾಗಿ ಕಚ್ಚಿ ಆಡಿದರೆ ಆಟವನ್ನೇ ನಿಲ್ಲಿಸುವುದು, ದೃಢವಾದ ಒಂದು ‘ಬ್ಯಾಡ’, ಇವೆಲ್ಲ ಶಿಸ್ತೇ. ಇವುಗಳಲ್ಲಿ ನೋವಿಲ್ಲ.

ನೋವಿನಿಂದಾಗುವ ಅತಿ ದೊಡ್ಡ ಅಪಾಯವೊಂದನ್ನು ಪಾಲಕರು ವಿಶೇಷವಾಗಿ ತಿಳಿದಿರಬೇಕು. ಗುರುಗುಟ್ಟುವ ನಾಯಿಯನ್ನು ಅನೇಕರು ಅಲ್ಲಿಯೇ ಹೊಡೆಯುತ್ತಾರೆ. ಗುರುಗುಟ್ಟುವಿಕೆ ಅದರ ಮುನ್ನೆಚ್ಚರಿಕೆ, ‘ನನಗೆ ಹೆದರಿಕೆಯಾಗಿದೆ, ದೂರ ಸರಿಯಿರಿ’ ಎಂಬ ಮಾತು. ಹೊಡೆತದಿಂದ ಆ ಮಾತು ನಿಲ್ಲಬಹುದು, ಹೆದರಿಕೆ ನಿಲ್ಲುವುದಿಲ್ಲ. ಮುಂದೊಂದು ದಿನ ಅದು ಎಚ್ಚರಿಕೆ ಕೊಡದೆಯೇ ಕಚ್ಚುತ್ತದೆ. ಕಚ್ಚಿಸಿಕೊಳ್ಳುವುದು ಬಹಳ ಸಲ ಮನೆಯ ಮಗುವೇ. ರೇಬೀಸ್ ರೋಗದ ಲಕ್ಷಣಗಳು ತಲೆದೋರಿದ ಮೇಲೆ ಬದುಕುಳಿಯುವುದು ಅತಿ ವಿರಳ. ಆದುದರಿಂದ ನಾಯಿ ಕಚ್ಚಿದ ಅಥವಾ ಪರಚಿದ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ಅರಿಷಿಣ, ಖಾರ, ಸುಣ್ಣ ಹಚ್ಚುವುದು ತರವಲ್ಲ. ಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ ಹಾಕಿಸಿ, ಮುಂದೆ ವೈದ್ಯರು ಹೇಳಿದಂತೆ ಮುಂದುವರಿಸುವುದು ಎಲ್ಲ ತರಬೇತಿಗೂ ಮೊದಲಿನ ಕೆಲಸ. ಪ್ರಾಣಿಯನ್ನು ಅನಗತ್ಯವಾಗಿ ಹೊಡೆಯುವುದೂ ತೀರ ಗಿಡ್ಡ ಸರಪಳಿಯಲ್ಲಿ ಬಹುಹೊತ್ತು ಕಟ್ಟಿಹಾಕುವುದೂ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧವೆಂಬುದು ಅನೇಕರಿಗೆ ತಿಳಿಯದು.

ತರಬೇತಿ ವರ್ಗವೆಂದರೆ ನಾಯಿಯನ್ನು ಬಿಟ್ಟುಬಂದು, ಕಲಿತ ಮೇಲೆ ಕರೆತರುವ ಸ್ಥಳವೆಂದು ಹಲವರ ಕಲ್ಪನೆ. ಒಳ್ಳೆಯ ವರ್ಗಗಳಲ್ಲಿ ನಿಜವಾದ ವಿದ್ಯಾರ್ಥಿ ಒಡೆಯನೇ. ವಾರಕ್ಕೆ ಒಂದು ತಾಸು ಅಲ್ಲಿ ತಿಳಿದುಕೊಂಡದ್ದನ್ನು ಮನೆಯವರು ದಿನಾಲು ಐದೈದು ನಿಮಿಷದಂತೆ ಎರಡು ಮೂರು ಸಲ ಅಭ್ಯಾಸ ಮಾಡಿಸಬೇಕು. ಮನೆಯಲ್ಲಿ ಮಾತಿನ ಏಕರೂಪತೆ ಇರದಿದ್ದರೆ ಈ ಅಭ್ಯಾಸ ಫಲಿಸದು. ಮಗ ‘ಸಿಟ್’ ಎನ್ನುತ್ತಾನೆ, ತಾಯಿ ‘ಕುಂದ್ರು’ ಎನ್ನುತ್ತಾಳೆ, ಅಜ್ಜ ‘ಕೂಡು’ ಎನ್ನುತ್ತಾನೆ, ಅಜ್ಜಿಯೋ ಎಲ್ಲಕ್ಕೂ ‘ಹಚಾ’ ಎನ್ನುತ್ತಾಳೆ. ನಾಯಿಯು ಯಾರ ಮಾತು ಕೇಳಬೇಕು? ಆಜ್ಞೆ ಇಂಗ್ಲಿಷಿನಲ್ಲಿಯೇ ಇರಬೇಕೆಂಬ ಕಟ್ಟಳೆಯಿಲ್ಲ. ‘ಬಾ’, ‘ಕುಂದ್ರು’, ‘ನಿಂದ್ರು’, ‘ಬಿಡು’ ಎಂಬ ನಾಲ್ಕು ಮಾತುಗಳನ್ನು ಎಲ್ಲರೂ ಒಂದೇ ರೀತಿ, ಒಂದೇ ಸಲ ಹೇಳಿದರೆ ಸಾಕು. ವಿಶೇಷವಾಗಿ ‘ಬಾ’ ಎಂದು ಕರೆದು ಎಂದೂ ಬೈಯಬಾರದು. ಎಷ್ಟೇ ತಡವಾಗಿ ಬಂದರೂ ಬಂದದ್ದಕ್ಕೆ ಮೆಚ್ಚುಗೆಯೇ ಸಿಗಬೇಕು.

ಬಹುಮಾನಕ್ಕೆ ದುಬಾರಿಯ ಬಿಸ್ಕತ್ತು ಬೇಕಿಲ್ಲ. ಕಡಲೆಕಾಳಿನಷ್ಟು ಜೋಳದ ರೊಟ್ಟಿಯ ಚೂರು, ಬೇಯಿಸಿದ ತತ್ತಿಯ ತುಣುಕು ನಡೆಯುತ್ತದೆ. ಆದರೆ ತಿಕೋಟಾ, ಬಬಲೇಶ್ವರಗಳ ದ್ರಾಕ್ಷಿ ಬೆಳೆಗಾರರು ಒಂದು ಸಂಗತಿಯನ್ನು ಅವಶ್ಯವಾಗಿ ಗಮನಿಸಬೇಕು. ದ್ರಾಕ್ಷಿಯೂ ಒಣದ್ರಾಕ್ಷಿಯೂ ನಾಯಿಗೆ ವಿಷ. ಕೆಲವು ನಾಯಿಗಳಲ್ಲಿ ಅಲ್ಪ ಪ್ರಮಾಣವೂ ಮೂತ್ರಪಿಂಡಗಳನ್ನು ಕೆಡಿಸಿ ಪ್ರಾಣಕ್ಕೆ ಎರವಾಗುತ್ತದೆ, ಯಾವ ನಾಯಿಗೆ ಎಷ್ಟರಿಂದ ಅಪಾಯವೆಂದು ಮುಂಚಿತವಾಗಿ ಹೇಳಲಾಗದು. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣವಿರಬೇಕೆಂದು 2021ರಲ್ಲಿ ಅಮೆರಿಕದ ಪಶುವೈದ್ಯರು ಸೂಚಿಸಿದರು. ತೋಟ ಕಾಯುವ ನಾಯಿಗೆ ಪ್ರೀತಿಯಿಂದ ಒಂದು ಮುಷ್ಟಿ ಒಣದ್ರಾಕ್ಷಿ ಎಸೆಯುವವನು ತಿಳಿಯದೆ ಅದಕ್ಕೆ ಮಾಡುವ ಕೇಡು ಯಾವ ಬೆತ್ತದಿಂದಲೂ ಆಗದು. ಒಣಗಿಸುವ ಶೆಡ್ಡುಗಳ ಬಳಿ ನಾಯಿಗಳು ಸುಳಿಯದಂತೆ ನೋಡಿಕೊಳ್ಳಬೇಕು. ಒಂದು ವೇಳೆ ತಿಂದದ್ದು ತಿಳಿದರೆ, ವಾಂತಿ ಮುಂತಾದ ಚಿಹ್ನೆಗಳಿಗೆ ಕಾಯದೆ ಪಶುವೈದ್ಯರಲ್ಲಿಗೆ ಒಯ್ಯಬೇಕು.

ವೇಳೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಏಪ್ರಿಲ್ ಮೇ ತಿಂಗಳುಗಳಲ್ಲಿ ಉಷ್ಣತೆ ನಲವತ್ತು ಡಿಗ್ರಿ ದಾಟುವ ಈ ಊರಿನಲ್ಲಿ ಡಾಂಬರು ರಸ್ತೆ ಪಾದ ಸುಡುತ್ತದೆ. ಕಲಿಸುವುದೇನಿದ್ದರೂ ಬೆಳಗಿನ ತಂಪಿನಲ್ಲಿ.

ಮತ್ತೆ ಮುಧೋಳದ ನಾಯಿಗೆ ಬರುವುದಾದರೆ, ಶಿಸ್ತಿನ ಪ್ರಶ್ನೆ ಅತ್ಯಂತ ಸೂಕ್ಷ್ಮವಾಗುವುದು ಅದರಲ್ಲಿಯೇ. ಕುರಿ ಕಾಯುವ ಜರ್ಮನ್ ಶೆಫರ್ಡಿನ ಪೂರ್ವಜರು ಕುರುಬನ ಸನ್ನೆಗೆ ಕಿವಿಗೊಟ್ಟು ಕೆಲಸ ಮಾಡಿದವು. ಮುಧೋಳದ ನಾಯಿ ಕಣ್ಣಿನಿಂದ ಬೇಟೆಯಾಡುವ ಜಾತಿ. ದೂರದಲ್ಲಿ ಚಲಿಸಿದ್ದನ್ನು ಕಂಡ ಕ್ಷಣವೇ ಯಾರ ಅಪ್ಪಣೆಗೂ ಕಾಯದೆ ಓಡಿ ತಾನೇ ನಿರ್ಣಯ ಕೈಗೊಳ್ಳುವ ಗುಣಕ್ಕಾಗಿಯೇ ಅದನ್ನು ತಲೆತಲಾಂತರದಿಂದ ಆರಿಸಿ ಬೆಳೆಸಲಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಮೊಲ, ಚಿಗರೆಗಳ ಬೇಟೆ ಅಪರಾಧವಾಯಿತು. ಅದು ಆಗಬೇಕಾದದ್ದೇ. ಆದರೆ ನಾಯಿಯ ರಕ್ತದಲ್ಲಿ ಇರುವುದನ್ನು ಕಾಯಿದೆ ತೆಗೆಯಲಾರದು. ಮೊಲದ ಸ್ಥಾನಕ್ಕೆ ಈಗ ಮೋಟಾರ್ ಸೈಕಲ್ ಬಂದಿದೆ. ಇದಕ್ಕೆ ಅದನ್ನು ಹೊಡೆದರೆ ಓಡುವ ಚಟ ಹೋಗುವುದಿಲ್ಲ, ಒಡೆಯನ ಬಳಿಗೆ ಮರಳುವ ಮನಸ್ಸು ಹೋಗುತ್ತದೆ. ಸ್ವಭಾವತಃ ಅಪರಿಚಿತರಿಂದ ದೂರವಿರುವ, ಗದರಿಕೆಗೆ ಮುದುಡಿಕೊಳ್ಳುವ ನಾಯಿ ಅದು. ಉದ್ದವಾದ ಹಗ್ಗದಲ್ಲಿ ಕರೆಗೆ ಮರಳುವ ಅಭ್ಯಾಸ, ಬೇಲಿಯಿರುವ ಬಯಲಿನಲ್ಲಿ ದಿನಾಲು ಮನದಣಿಯೆ ಓಟ, ಇವೆರಡನ್ನು ಒದಗಿಸಲಾರದವರು ಅದನ್ನು ಸಾಕದಿರುವುದೇ ಲೇಸು.

ಹಾಗೆಂದು ಅದು ಕಲಿಯಲಾರದ ನಾಯಿಯಲ್ಲ. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಧೀನದಲ್ಲಿ ಈ ತಳಿಯ ಸಂವರ್ಧನೆಗಾಗಿಯೇ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ಅಲ್ಲಿಯ ಮರಿಗಳು 2016ರಲ್ಲಿ ಮೀರತ್ತಿನಲ್ಲಿರುವ ಭೂಸೇನೆಯ ತರಬೇತಿ ಕೇಂದ್ರಕ್ಕೆ ಹೋದವು. ವಿದೇಶೀ ತಳಿಗಳನ್ನೇ ನೆಚ್ಚಿದ್ದ ಸೈನ್ಯದಲ್ಲಿ ದೇಶೀ ತಳಿಯೊಂದಕ್ಕೆ ದೊರೆತ ಈ ಅವಕಾಶ ಅಂದು ದೊಡ್ಡ ಸುದ್ದಿಯಾಯಿತು. 2020ರ ಆಗಸ್ಟ್ 30ರಂದು ಪ್ರಧಾನಮಂತ್ರಿಗಳು ತಮ್ಮ ಬಾನುಲಿ ಭಾಷಣದಲ್ಲಿ ಮುಧೋಳದ ಹೆಸರನ್ನೆತ್ತಿದರು. 2021ರಲ್ಲಿ ವಾಯುಸೇನೆಯೂ ವಿಮಾನಗಳ ಹಾದಿಗೆ ಅಡ್ಡ ಬರುವ ಹಕ್ಕಿಗಳನ್ನು ಓಡಿಸಲೆಂದು ಮರಿಗಳನ್ನು ಒಯ್ದಿತು. ಹಕ್ಕಿಯನ್ನು ಕಂಡರೆ ಓಡುವ ನಾಯಿಗೆ ಹಕ್ಕಿಯನ್ನು ಓಡಿಸುವ ಕೆಲಸ! ಇದಕ್ಕಿಂತ ಒಪ್ಪುವ ಉದ್ಯೋಗ ಬೇರೊಂದು ಸಿಗಲಾರದು. 2022ರಲ್ಲಿ ಪ್ರಧಾನಮಂತ್ರಿಗಳ ರಕ್ಷಣೆಯ ಹೊಣೆ ಹೊತ್ತ ವಿಶೇಷ ರಕ್ಷಣಾ ದಳದವರು ತಿಮ್ಮಾಪುರಕ್ಕೆ ಬಂದು ಮರಿಗಳನ್ನು ಆಯ್ದುಕೊಂಡು ಹೋದರು.

ಈ ಪ್ರಸಿದ್ಧಿಯಿಂದ ಮುಧೋಳದ ಮರಿಗಳಿಗೆ ಬೇಡಿಕೆ ಬೆಳೆದಿದೆ. ಗಲಗಲಿ, ಬಬಲೇಶ್ವರಗಳನ್ನು ದಾಟಿ ವಿಜಯಪುರದ ಹೊಸ ಬಡಾವಣೆಗೆ ಬಂದಿಳಿಯುವ ಮರಿಗೆ ಆಗಿನ್ನೂ ಎರಡು ತಿಂಗಳಿರಬಹುದು, ಅಂದರೆ ಆ ನಿರ್ಣಾಯಕ ಅವಧಿಯಲ್ಲಿ ಅದರ ಪಾಲಿಗೆ ಉಳಿದಿರುವುದು ನಾಲ್ಕು ವಾರ ಮಾತ್ರ. ಮೊದಲ ರಾತ್ರಿ ಅದು ತಾಯಿಯನ್ನು ನೆನೆದು ಅಳುತ್ತದೆ. ಅದನ್ನು ಅಂಗಳದ ಕಂಬಕ್ಕೆ ಕಟ್ಟಿ, ಅತ್ತಾಗಲೆಲ್ಲ ಗದರಿಸುವ ಮನೆಯುಂಟು. ಪಡಸಾಲೆಯ ಮೂಲೆಯಲ್ಲಿ ಗೋಣಿತಟ್ಟು ಹಾಸಿ, ಪಕ್ಕದಲ್ಲಿ ಒಬ್ಬರು ಮಲಗಿ, ಬೆಳಗಾದ ಮೇಲೆ ಹೆಸರು ಹಿಡಿದು ಒಮ್ಮೆ ಮಾತ್ರ ಕರೆದು, ಮರಿ ಓಡಿಬಂದ ಕೂಡಲೆ ಹಾಲುರೊಟ್ಟಿಯ ಬಟ್ಟಲನ್ನು ಮುಂದಿಡುವ ಮನೆಯೂ ಉಂಟು. ಆ ಎರಡನೆಯ ಮನೆಯಲ್ಲಿ ಮೊದಲನೆಯ ಪಾಠ ಆಗಲೇ ಮುಗಿದಿರುತ್ತದೆ.